ಏಳುಸುತ್ತಿನ ಕೋಟೆಗೆ ವೀಲ್‌ಚೇರ್‌ನಲ್ಲಿ ಹೋಗಬಹುದೇ?

ಐತಿಹಾಸಿಕ ತಾಣಗಳಲ್ಲಿ ವಿಕಲಚೇತನರ ಓಡಾಟದ ಬಗ್ಗೆ ದಾವಣಗೆರೆ, ಚಿತ್ರದುರ್ಗದ ಓದುಗರು ಕೇಳಿದ ಪ್ರಶ್ನೆಗಳಿಗೆ ಪಾರಂಪರಿಕ ಕಟ್ಟಡಗಳ ಸಂರಕ್ಷಣಾ ತಜ್ಞರ ಉತ್ತರ.

ಪ್ರಶ್ನೆ: ನಮ್ಮ ತಂದೆ ಇತಿಹಾಸದ ಮೇಷ್ಟರಾಗಿದ್ದವರು. ಪಾರ್ಶ್ವವಾಯುವಾಗಿ ಈಗ ವೀಲ್‌ಚೇರ್‌ನಲ್ಲಿದ್ದಾರೆ. ಚಿತ್ರದುರ್ಗದ ಕೋಟೆಯನ್ನು ಇನ್ನೊಮ್ಮೆ ನೋಡಬೇಕೆಂಬುದು ಅವರ ಆಸೆ. ಕರೆದುಕೊಂಡು ಹೋಗಬಹುದೇ? — ಓದುಗರು, ದಾವಣಗೆರೆ

ಖಂಡಿತ ಕರೆದುಕೊಂಡು ಹೋಗಿ. ಆದರೆ ಎಲ್ಲಿಯವರೆಗೆ ಎಂಬುದನ್ನು ಮನೆಯಲ್ಲೇ ಮಾತನಾಡಿಕೊಂಡು ಹೊರಡಿ. ಓಬವ್ವನ ಕಿಂಡಿಗೆ ವೀಲ್‌ಚೇರ್ ಹೋಗುವುದಿಲ್ಲ. ಹಿಡಿಂಬೇಶ್ವರ, ಏಕನಾಥೇಶ್ವರಿ ಗುಡಿಗಳಿಗೂ ಗೋಪಾಲಸ್ವಾಮಿ ಹೊಂಡಕ್ಕೂ ಮೆಟ್ಟಿಲು ಹತ್ತಲೇಬೇಕು. ನಾಲ್ಕು ಜನ ಹೊತ್ತುಕೊಂಡು ಹತ್ತುತ್ತೇವೆ ಎಂದು ಯಾರಾದರೂ ಮುಂದೆ ಬಂದರೆ ಬೇಡ ಎನ್ನಿ. ಜನರ ಕಾಲು ಸವೆಸಿ ನುಣುಪಾದ ಕಲ್ಲದು. ಒಬ್ಬರ ಕಾಲು ಜಾರಿದರೆ ಐವರೂ ಬೀಳುತ್ತಾರೆ.

ನಿಮ್ಮ ತಂದೆಯವರಿಗೆ ಇದು ಗೊತ್ತೇ ಇರುತ್ತದೆ: ಶತ್ರು ಸುಲಭವಾಗಿ ಒಳಗೆ ಬರಬಾರದೆಂದೇ ಕಟ್ಟಿದ ಕೋಟೆ ಇದು. ಬಾಗಿಲುಗಳು ಒಂದಕ್ಕೊಂದು ಎದುರಿಗಿಲ್ಲ. ಒಂದನ್ನು ದಾಟಿದ ಕೂಡಲೇ ದಾರಿ ಗಕ್ಕನೆ ತಿರುಗುತ್ತದೆ. ಆನೆ ಓಡಿಬಂದು ಕದಕ್ಕೆ ಗುದ್ದಲು ಬೇಕಾದಷ್ಟು ಜಾಗವನ್ನೇ ಬಿಟ್ಟಿಲ್ಲ. ಹೈದರಾಲಿಗೆ ಇದು ಒಂದೇ ದಾಳಿಗೆ ಸಿಗಲಿಲ್ಲ. ಕೊನೆಗೆ ಕೈವಶವಾದದ್ದು 1779ರಲ್ಲಿ. ಈ ಕಟ್ಟುವಿಕೆಯ ಜಾಣ್ಮೆ ಬೆಟ್ಟದ ತುದಿಯಲ್ಲಿಲ್ಲ, ಬುಡದ ಬಾಗಿಲುಗಳಲ್ಲಿದೆ. ಗಾರೆಯಿಲ್ಲದೆ ಒಂದರ ಮೇಲೊಂದು ಕೂಡಿಸಿದ ಭಾರಿ ಕಲ್ಲುಗಳು, ಬಂಡೆ ಸೀಳಲು ಸಾಲಾಗಿ ಕೊರೆದ ಉಳಿಗುಳಿಗಳು, ತಿರುವಿನ ಎತ್ತರದ ಗೋಡೆಗಳು ಮೇಲಕ್ಕೆ ಹತ್ತುವ ಮೊದಲೇ ಸಿಗುತ್ತವೆ. ಅವರು ಒಂದು ತಿರುವಿನಲ್ಲಿ ಕುಳಿತು ಮೊಮ್ಮಕ್ಕಳಿಗೆ ಪಾಠ ಮಾಡಲಿ. ಮೇಲೆ ಓಡಿಹೋಗಿ ಫೋಟೊ ತೆಗೆದು ಇಳಿಯುವವರಿಗಿಂತ ಹೆಚ್ಚು ಕೋಟೆಯನ್ನು ಅವರು ಕಂಡಿರುತ್ತಾರೆ.

ಪ್ರವೇಶದ ದಾರಿಯಲ್ಲಿ ಕಲ್ಲುಹಾಸಿನ ಏರುಗಳಿವೆ. ಗಟ್ಟಿಯಾದ ಇಬ್ಬರು ಜೊತೆಗಿರಲಿ. ಏರುವಾಗ ಮುಂದಕ್ಕೆ ತಳ್ಳಿ. ಇಳಿಯುವಾಗ ಕುರ್ಚಿಯನ್ನು ತಿರುಗಿಸಿ, ನೀವು ಕೆಳಗಡೆ ನಿಂತು ಹಿಮ್ಮುಖವಾಗಿ ಇಳಿಸಿ. ಇಲ್ಲವಾದರೆ ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಹೊಸ್ತಿಲು ಬಂದರೆ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಮುಂದಿನ ಚಿಕ್ಕ ಗಾಲಿಗಳನ್ನು ಮೊದಲು ದಾಟಿಸಿ. ಎತ್ತಲೇಬೇಕಾದರೆ ಚೌಕಟ್ಟನ್ನು ಹಿಡಿಯಿರಿ, ಕೈಯಾಸರೆಯನ್ನಲ್ಲ. ಅದು ಕಳಚಿ ಕೈಗೆ ಬರುವ ಸಂಭವವಿದೆ. ಮಳೆ ಬಿದ್ದ ದಿನ ಹೋಗಬೇಡಿ. ಬಿಸಿಲೇರುವ ಮೊದಲೇ ತಲುಪಿ. ಪಾರ್ಶ್ವವಾಯುವಿನಿಂದ ಸ್ಪರ್ಶ ಕುಂದಿದ ಕೈ ಕಾದ ಬಂಡೆಗೆ ತಗುಲಿದರೂ ಅವರಿಗೆ ತಿಳಿಯುವುದಿಲ್ಲ. ಈ ಎಚ್ಚರಿಕೆಯನ್ನು ಮನೆಯವರು ಮರೆಯುವುದೇ ಹೆಚ್ಚು.

ಆಮೇಲೆ ಊರೊಳಗೆ ಬನ್ನಿ. ರಂಗಯ್ಯನ ಬಾಗಿಲಿನ ಬಳಿ ರಾಜ್ಯ ಸರ್ಕಾರದ ವಸ್ತು ಸಂಗ್ರಹಾಲಯವಿದೆ. ಸಂತೆಹೊಂಡವನ್ನು ದಂಡೆಯಿಂದಲೇ ನೋಡಬಹುದು. ಬೆಟ್ಟದ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕತಂಗಿ ಹೊಂಡಕ್ಕೆ ಹರಿದು, ಸಿಹಿನೀರು ಹೊಂಡದ ಮೂಲಕ ಕೊನೆಗೆ ನೀರು ಬಂದು ಸೇರುತ್ತಿದ್ದುದು ಇಲ್ಲಿಗೆ. ಮೇಲೆ ಹತ್ತಲಾಗದವರು ಆ ನೀರಿನ ದಾರಿಯನ್ನು ಕೆಳಗಿನಿಂದ ಓದಬಹುದು. ಇನ್ನೊಂದು ದಿನಕ್ಕೆ ಹರಿಹರವಿದೆ. 1224ರ ಸುಮಾರಿಗೆ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಊರ ನಡುವೆ ಸಮನೆಲದಲ್ಲಿದೆ.

ಇಷ್ಟನ್ನೆಲ್ಲ ನೀವು ನನ್ನನ್ನು ಕೇಳಬೇಕಾಗಿ ಬಂದಿತಲ್ಲ, ನನ್ನ ತಕರಾರು ಇರುವುದು ಅಲ್ಲೇ. ಎಲ್ಲಿಯವರೆಗೆ ಗಾಲಿ ಹೋಗುತ್ತದೆ, ಎಲ್ಲಿಂದ ಮೆಟ್ಟಿಲು, ಎಷ್ಟು ಮೆಟ್ಟಿಲು, ಕೂರಲು ನೆರಳೆಲ್ಲಿ, ಶೌಚಾಲಯದ ಬಾಗಿಲು ಎಷ್ಟು ಅಗಲ: ಪ್ರತಿಯೊಂದು ತಾಣದ ಟಿಕೆಟ್ ಕೌಂಟರ್ ಎದುರಿಗೂ ಮೊಬೈಲ್‌ನಲ್ಲಿಯೂ ಈ ಐದು ಸಂಗತಿಗಳು ಕನ್ನಡದಲ್ಲಿ ಇರಬೇಕು. ಇದಕ್ಕೆ ಒಂದು ಕಲ್ಲನ್ನೂ ಕದಲಿಸಬೇಕಿಲ್ಲ. ಅಳತೆಪಟ್ಟಿ ಹಿಡಿದು ಒಂದು ದಿನ ಓಡಾಡಿದರೆ ಮುಗಿಯುವ ಕೆಲಸ. ಈ ಮಾಹಿತಿ ಇಲ್ಲದ ಕಾರಣಕ್ಕೇ ಎಷ್ಟೋ ಕುಟುಂಬಗಳು ಹೊರಡುವುದೇ ಇಲ್ಲ. ಆಮೇಲೆ, ಅಂಥವರು ಇಲ್ಲಿಗೆ ಬರುವುದೇ ಇಲ್ಲ, ಸೌಲಭ್ಯ ಯಾರಿಗೆ ಎಂದು ನಾವೇ ಹೇಳುತ್ತೇವೆ.

ಪ್ರಶ್ನೆ: ನಾನು ಅಂಧ ವಿದ್ಯಾರ್ಥಿನಿ. ವಸ್ತು ಸಂಗ್ರಹಾಲಯಗಳಲ್ಲಿ ‘ಮುಟ್ಟಬಾರದು’ ಎನ್ನುತ್ತಾರೆ. ಹಾಗಾದರೆ ನಾನು ನೋಡುವುದು ಹೇಗೆ? — ಓದುಗರು, ಚಿತ್ರದುರ್ಗ

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಆ ನಿಯಮಕ್ಕೂ ಕಾರಣವಿದೆ. ಬೆರಳಿನ ಬೆವರು ಮತ್ತು ಜಿಡ್ಡು ಲೋಹವನ್ನು ತಿನ್ನುತ್ತವೆ, ಬಣ್ಣ ಮತ್ತು ಗಾರೆಯನ್ನು ಕೆಡಿಸುತ್ತವೆ. ತಾಳೆಗರಿಯ ಮಾತಂತೂ ಹೇಳುವುದೇ ಬೇಡ. ಆದರೆ ಶತಮಾನಗಳಿಂದ ಮಳೆ ಬಿಸಿಲಿಗೆ ಮೈಯೊಡ್ಡಿದ ಗ್ರಾನೈಟ್ ವೀರಗಲ್ಲಿಗೂ ಹಿತ್ತಾಳೆಯ ಕಠಾರಿಗೂ ಒಂದೇ ನಿಯಮ ಹಾಕುವುದು ಸೋಮಾರಿತನ. ಯಾವುದನ್ನು ಮುಟ್ಟಲು ಕೊಡಬಹುದು ಎಂದು ಕ್ಯುರೇಟರ್ ಆರಿಸಿ, ಕೈ ತೊಳೆಸಿ, ಉಂಗುರ ಬಳೆ ತೆಗೆಸಿ, ಪಕ್ಕದಲ್ಲಿ ನಿಂತು ತೋರಿಸಬಹುದು. ದೆಹಲಿಯ ರಾಷ್ಟ್ರೀಯ ವಸ್ತು ಸಂಗ್ರಹಾಲಯವು ಮುಟ್ಟಿ ನೋಡಲೆಂದೇ ಪ್ರತಿಕೃತಿಗಳನ್ನು ಮಾಡಿಸಿ ‘ಅನುಭವ್’ ಎಂಬ ವಿಭಾಗ ತೆರೆದಿದೆ. ನಮ್ಮಲ್ಲಿಯೂ ಇದು ದೂರದ ಮಾತಲ್ಲ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳಿಗೆ ಕೋಟೆಬಾಗಿಲಿನ ತಿರುವುಗಳ ಮಾದರಿಯೊಂದನ್ನು ಮಾಡಲು ವಹಿಸಿದರೆ ನಿಮ್ಮಂಥವರ ಬೆರಳಿಗೆ ಇಡೀ ನಕ್ಷೆ ಸಿಗುತ್ತದೆ. ಕಣ್ಣಿದ್ದವರಿಗೂ ಆ ತಿರುವುಗಳು ಆಗಲೇ ಸರಿಯಾಗಿ ಅರ್ಥವಾದಾವು.

ಅಲ್ಲಿಯವರೆಗೆ, ಹೋಗುವ ಮೊದಲು ಪತ್ರ ಬರೆದು ಅನುಮತಿ ಕೇಳಿ. ಕೋಟೆಯಲ್ಲಿ ಗೈಡ್‌ಗೆ ಒಂದು ಮಾತು ಮುಂಚೆಯೇ ಹೇಳಿ: ‘ಇಲ್ಲಿ ನೋಡಿ’ ಎಂದರೆ ಸಾಲದು, ಎಡಕ್ಕೋ ಬಲಕ್ಕೋ, ಎಷ್ಟು ಎತ್ತರ, ಎಷ್ಟು ಹೆಜ್ಜೆ ಎಂದು ಹೇಳಬೇಕು. ನಡೆಸುವಾಗ ಅವರು ನಿಮ್ಮ ಕೈ ಹಿಡಿದು ಎಳೆಯಬಾರದು, ಅವರ ಮೊಣಕೈಯನ್ನು ನೀವು ಹಿಡಿಯಬೇಕು. ಗೋಡೆಯ ಕಲ್ಲುಗಳ ಸಂದಿಯಲ್ಲಿ ಬೆರಳಾಡಿಸಿ ನೋಡಿ, ಕಲ್ಲಿಗೆ ಕಲ್ಲು ಎಷ್ಟು ಬಿಗಿಯಾಗಿ ಕೂತಿದೆ ಎಂದು ಗೊತ್ತಾಗುತ್ತದೆ.

ಪ್ರಶ್ನೆ: ನನ್ನ ತಮ್ಮನಿಗೆ ಕಿವಿ ಕೇಳಿಸುವುದಿಲ್ಲ. ಗೈಡ್ ಹೇಳುವುದೊಂದೂ ಅವನಿಗೆ ತಲುಪುವುದಿಲ್ಲ. — ಓದುಗರು, ಹೊಳಲ್ಕೆರೆ

ಗೈಡ್ ನಡೆಯುತ್ತಾ ಬೆನ್ನು ಹಾಕಿ ಮಾತನಾಡದೆ, ನಿಂತು, ಮುಖಕ್ಕೆ ಬೆಳಕು ಬೀಳುವಂತೆ ತಮ್ಮನ ಕಡೆ ತಿರುಗಿ ಮಾತನಾಡಲಿ. ತುಟಿಚಲನೆ ಓದುವವರಿಗೆ ಅಷ್ಟರಿಂದಲೇ ಬಹಳ ಅನುಕೂಲ. ತಾಣಗಳು ಮಾಡಬೇಕಾದದ್ದು ಫಲಕದ ಮೇಲೊಂದು ಕ್ಯೂಆರ್ ಕೋಡ್, ಅದರ ಹಿಂದೆ ಭಾರತೀಯ ಸಂಜ್ಞಾ ಭಾಷೆಯ ಪುಟ್ಟ ವಿಡಿಯೊ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರವಿದೆ, ವಿಕಲಚೇತನರ ಪುನರ್ವಸತಿಯೇ ಅದರ ಕೆಲಸ. ಸಂಜ್ಞಾ ಭಾಷೆ ಬಲ್ಲವರ ಬಗ್ಗೆ ಅಲ್ಲಿ ವಿಚಾರಿಸಿ.

ಪ್ರಶ್ನೆ: ಹಳೆಯ ಕಟ್ಟಡಕ್ಕೆ ರ‍್ಯಾಂಪ್ ಹಾಕಿದರೆ ಪರಂಪರೆ ಹಾಳಾಗುತ್ತದೆ ಎನ್ನುತ್ತಾರೆ. ಕಾನೂನು ಏನು ಹೇಳುತ್ತದೆ? — ಓದುಗರು, ಚಿತ್ರದುರ್ಗ

ಸಿಮೆಂಟು ಸುರಿದರೆ ಹಾಳಾಗುತ್ತದೆ, ನಿಜ. ಅದಕ್ಕೆ ನಾನೂ ವಿರೋಧಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಿತ ಸ್ಮಾರಕದಲ್ಲಿ ಮನಬಂದಂತೆ ಏನನ್ನೂ ಕಟ್ಟುವಂತಿಲ್ಲ. ಆದರೆ ಕಲ್ಲಿಗೆ ರಂಧ್ರ ಕೊರೆಯದೆ, ತನ್ನ ಭಾರದಿಂದಲೇ ನಿಲ್ಲುವ, ಅಡಿಯಲ್ಲಿ ರಬ್ಬರ್ ಹಾಸಿದ, ಬೇಡವೆಂದಾಗ ಎತ್ತಿಡಬಹುದಾದ ಮರದ ಅಥವಾ ಉಕ್ಕಿನ ಇಳಿಜಾರು ಸ್ಮಾರಕಕ್ಕೆ ಗಾಯ ಮಾಡುವುದಿಲ್ಲ. 2001ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಕುತುಬ್ ಮಿನಾರ್, ಜಂತರ್ ಮಂತರ್‌ಗಳಲ್ಲಿ ಇಂಥವೇ ತಾತ್ಕಾಲಿಕ ಇಳಿಜಾರುಗಳು ಸಿದ್ಧವಾದವು. ಒಬ್ಬ ಅತಿಥಿಗಾಗಿ ಆದದ್ದು ಹೊಳಲ್ಕೆರೆಯ ರೈತನಿಗೂ ಆಗಬೇಕು.

ಅಳತೆಯಲ್ಲಿ ಮೋಸ ಮಾಡಬಾರದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಉದ್ಘಾಟನೆಗೆಂದು ನಾಲ್ಕು ಅಡಿಯಲ್ಲಿ ಮುಗಿಸಿದ ಇಳಿಜಾರು ಮೆಟ್ಟಿಲಿಗಿಂತ ಅಪಾಯಕಾರಿ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 45ನೇ ಕಲಮು, ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಜಾರಿಯಾದ ಐದು ವರ್ಷಗಳೊಳಗೆ ಎಲ್ಲರಿಗೂ ಎಟುಕುವಂತೆ ಮಾಡಬೇಕೆಂದಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿಯಿತು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ, ಆ ನಿಯಮಗಳಲ್ಲಿನ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯವಾಗಬೇಕು ಎಂದು ಹೇಳಿತು.

ಕೋಟೆಯ ಕಲ್ಲಿನ ಬಗ್ಗೆ ಚರ್ಚೆ ನಡೆಯಲಿ. ಟಿಕೆಟ್ ಕೌಂಟರ್, ಶೌಚಾಲಯ, ವಾಹನ ನಿಲುಗಡೆ ಇವು ಯಾವುವೂ ನಾಯಕರ ಕಾಲದವಲ್ಲವಲ್ಲ! ಅಲ್ಲಿ ಪರಂಪರೆಯ ನೆಪ ನಡೆಯಬಾರದು. ನಿಮ್ಮ ಅರ್ಜಿಯನ್ನು ಅಲ್ಲಿಂದಲೇ ಆರಂಭಿಸಿ. ಕೋಟೆ ಕೇಂದ್ರದ ಪುರಾತತ್ವ ಇಲಾಖೆಗೆ ಸೇರಿದ್ದು, ಸ್ಪಂದನೆ ಸಿಗದಿದ್ದರೆ ದೂರು ದೆಹಲಿಯಲ್ಲಿರುವ ವಿಕಲಚೇತನರ ಮುಖ್ಯ ಆಯುಕ್ತರಿಗೆ. ವಸ್ತು ಸಂಗ್ರಹಾಲಯ ರಾಜ್ಯದ್ದು, ಅದರ ದೂರು ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ. ಮೆಟ್ಟಿಲಿನ ಎತ್ತರ, ಬಾಗಿಲಿನ ಅಗಲವನ್ನು ಅಳೆದು, ಫೋಟೊ ಸಹಿತ ಬರೆದುಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.