ಮಳೆಗೆ ಸಿಕ್ಕ ವರ್ಷದ ಹೊಸ ಕೆಂಪು ವೈನ್: ಹುಳಿ ಈಗಲೇ ಇಳಿಸಬೇಕಾ?

ಫೆಬ್ರವರಿ ಮಳೆಗೆ ಸಿಕ್ಕ ಕ್ಯಾಬರ್ನೆ ದ್ರಾಕ್ಷಿಯ ವೈನ್, ಮೂರು ಟ್ಯಾಂಕು, ಏಪ್ರಿಲ್‌ನಲ್ಲಿ ಬಾಯಿಗಿಟ್ಟರೆ ಬರೀ ಹುಳಿ ಮತ್ತು ಒಗರು. ಫ್ರಾನ್ಸಿನ ವೈನ್ ಸೀಮೆ ಬೋರ್ಡೋದವರು ಏಪ್ರಿಲ್‌ನಲ್ಲೇ ರುಚಿ ನೋಡಿ ತೀರ್ಪು ಕೊಡುತ್ತಾರಲ್ಲ, ನಾವೂ ಈಗಲೇ ಹುಳಿ ಇಳಿಸಿ, ಬಾಟಲಿಯಲ್ಲಿ ಮಾಗೋದು ಯಾವುದು ಅಂತ ಆರಿಸಬಹುದಾ ಅಂತ ಕೇಳಿದ್ದೀರಿ. ಇಳಿಸಬೇಡ್ರಿ. ಮುಂದಿನದನ್ನು ನಿಧಾನಕ್ಕೆ ಓದಿದರೂ ನಡೀತದೆ, ಮೊದಲು ಹುಳಿ ಇಳಿಸೋ ಆ ಬೈಕಾರ್ಬನೇಟ್ ಪುಡಿಯ ಡಬ್ಬಿ ವಾಪಸ್ ಕಪಾಟಿನಲ್ಲಿ ಇಡ್ರಿ.

ನಾನು ಕೊಪ್ಪಳ ಜಿಲ್ಲೆಯ ಒಂದು ಸಣ್ಣ ವೈನರಿಯಲ್ಲಿ ಲ್ಯಾಬು, ಸೆಲ್ಲಾರು ಎರಡೂ ನೋಡಿಕೊಳ್ಳುತ್ತಿದ್ದವನು. ನಮ್ಮ ಬಿಸಿಲಿಗೆ ಹಣ್ಣಿನಲ್ಲಿ ಹುಳಿ ಕಮ್ಮಿಯಾಗೋದೇ ಸಾಮಾನ್ಯ ತಕರಾರು, ಟಾರ್ಟಾರಿಕ್ ಆಮ್ಲ ಹಾಕಿ ಸರಿ ಮಾಡೋದೇ ರೂಢಿ. ನಿಮ್ಮ ಹಾಗೇ ಮಳೆಗೆ ಸಿಕ್ಕ ಒಂದು ವರ್ಷ ಮಾತ್ರ ಎಲ್ಲಾ ಉಲ್ಟಾ. ಚಾಟ್ನಿ (ಬಳ್ಳಿ ಕತ್ತರಿಸೋದು) ಆದಾಗಿನಿಂದಲೂ ಡೌನಿ ರೋಗದ ಕಾಟ, ಕಾಯಿ ಬಣ್ಣ ತಿರುಗಿದ ಮೇಲೆ ಮಳೆ, ಗೊನೆಯೊಳಗೆ ಬೂಷ್ಟು. 23–24 ಬ್ರಿಕ್ಸ್‌ಗೆ (ಹಣ್ಣಿನ ಸಕ್ಕರೆಯ ಅಳತೆ) ಕೊಯ್ಯಬೇಕಾದ ಹಣ್ಣನ್ನು ಹೆದರಿ 20ಕ್ಕೇ ಕೊಯ್ದರು. ಹಣ್ಣು ಪೂರ್ತಿ ಬಲಿಯದಿದ್ದರೆ ಮ್ಯಾಲಿಕ್ ಆಮ್ಲ ಉಳಿದುಬಿಡುತ್ತದೆ, ಹಸಿರು ಸೇಬಿನಲ್ಲಿರೋದು ಅದೇ. ಟ್ಯಾಂಕಿನ ನಲ್ಲಿ ತಿರುಗಿಸಿ ಗ್ಲಾಸಿಗೆ ಹಿಡಿದರೆ ಅಂಚಿಗೆ ನೇರಳೆ ನೊರೆ, ಮೂಗಿಗೆ ಕ್ಯಾಪ್ಸಿಕಂ, ನಾಲಿಗೆಯ ಎರಡೂ ಬದಿಗೆ ಜುಮ್ಮೆನ್ನುವ ಹುಳಿ, ವಸಡಿಗೆ ಅಂಟುವ ಒಗರು. ಧಣೇರು ಒಂದು ಗುಟುಕು ಕುಡಿದು, "ಏನೋ ತಮ್ಮಾ, ಹುಣಸಿ ನೀರು ಕುಡಸ್ತೀ ಏನು? ಏನಾರ ಮಾಡು" ಅಂದರು. ಪೊಟ್ಯಾಸಿಯಂ ಬೈಕಾರ್ಬನೇಟ್ ತೂಗಿ ಹಾಕಿದೆ. ಪಿಎಚ್ 3.4 ಇದ್ದದ್ದು 3.6ಕ್ಕೆ ಬಂತು, ಈ ಅಂಕಿ ಏರಿದಷ್ಟೂ ಹುಳಿ ಕಮ್ಮಿ. ರುಚಿಯೂ ಮೆತ್ತಗಾಯಿತು. ಧಣೇರು ಖುಷ್.

ಎಡವಿದ್ದು ಎಲ್ಲಿ ಅಂದರೆ, ಸಕ್ಕರೆ ಮದ್ಯವಾಗೋ ಮೊದಲ ಹುದುಗು ಮುಗಿದು ಗುಳ್ಳೆ ನಿಂತಿತ್ತಲ್ಲ, ಮ್ಯಾಲಿಕ್ ಆಮ್ಲವನ್ನು ಮೆತ್ತಗೆ ಮಾಡೋ ಎರಡನೇ ಹುದುಗು, ಮ್ಯಾಲೋಲ್ಯಾಕ್ಟಿಕ್ಕೂ ಅದರ ಜೊತೆಗೇ ಮುಗಿದಿದೆ ಅಂದುಕೊಂಡೆ. ಅಸಲಿಗೆ ಅದು ಶುರುವೇ ಆಗಿರಲಿಲ್ಲ. ಆ ಕೆಲಸ ಮಾಡೋ ಈನೊಕಾಕಸ್ ಬ್ಯಾಕ್ಟೀರಿಯಾಕ್ಕೆ 18–22 ಡಿಗ್ರಿ ಹಿತ. ನಾನೋ, ಹಣ್ಣಿನ ವಾಸನೆ ಉಳಿಯಲಿ ಅಂತ ಟ್ಯಾಂಕನ್ನು 14ಕ್ಕೆ ಇಳಿಸಿಟ್ಟಿದ್ದೆ. ಬ್ಯಾಕ್ಟೀರಿಯಾ ತಣ್ಣಗೆ ಮಲಗಿತ್ತು, ಕೆಲಸ ಮುಗಿಸಿ ಹೋಗಿರಲಿಲ್ಲ. ಮೇ ತಿಂಗಳಲ್ಲಿ ಚಿಲ್ಲರ್ ಕೆಟ್ಟಿತು. ರಿಪೇರಿಯವನು ಹೊಸಪೇಟೆಯಿಂದ ಬರೋ ಹೊತ್ತಿಗೆ ವೈನ್ ಬೆಚ್ಚಗಾಗಿ ಏರ್‌ಲಾಕಿನಲ್ಲಿ ಬುಳುಬುಳು ಶುರು. ಮ್ಯಾಲಿಕ್ ಆಮ್ಲವೆಲ್ಲ ಲ್ಯಾಕ್ಟಿಕ್ ಆಗುತ್ತಾ ಹೋಯಿತು, ಅಂದರೆ ಮೊಸರಿನಲ್ಲಿರುವ ಆಮ್ಲ. 1 ಗ್ರಾಂ ಮ್ಯಾಲಿಕ್ ಹೋದರೆ ಹುಟ್ಟುವ ಲ್ಯಾಕ್ಟಿಕ್ ಸುಮಾರು 0.67 ಗ್ರಾಂ, ಅದೂ ಬಲ ಕಮ್ಮಿಯ ಆಮ್ಲ. ಉಳಿದದ್ದು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ತಾನಾಗೇ ಇಳಿಯಬೇಕಿದ್ದ ಹುಳಿಯನ್ನು ನಾನು ಆಗಲೇ ಒಮ್ಮೆ ಇಳಿಸಿ ಕೂತಿದ್ದೆ!

ಪಿಎಚ್ 3.9 ಮುಟ್ಟಿತು. ವೈನ್ ಕೆಡದಂತೆ ಹಾಕೋ ಗಂಧಕದ ಆಟ ಅಲ್ಲಿ ನಡೆಯೋದಿಲ್ಲ. 3.5ರಲ್ಲಿ ಲೀಟರಿಗೆ 40 ಮಿಲಿಗ್ರಾಂ ಫ್ರೀ ಸಲ್ಫರ್ ಡೈಆಕ್ಸೈಡ್ ಕೊಡುವ ರಕ್ಷಣೆಗೆ 3.9ರಲ್ಲಿ ಹೆಚ್ಚುಕಮ್ಮಿ 100 ಬೇಕು. ಅಷ್ಟು ಸುರಿಯೋ ಧೈರ್ಯ ಬರಲಿಲ್ಲ. ಟಾರ್ಟಾರಿಕ್ ವಾಪಸ್ ಹಾಕೋಣ ಅಂದರೆ ಧಣೇರು, "ತಗೀತಿ, ಹಾಕತಿ, ಏನ್ ಆಟ ಹಚ್ಚೀಯೋ" ಅಂತ ಬಿಡಲಿಲ್ಲ. ಶ್ರಾವಣದ ಹೊತ್ತಿಗೆ ಗ್ಲಾಸಿನಲ್ಲಿ ದನದ ಕೊಟ್ಟಿಗೆ ವಾಸನೆ. ಬ್ರೆಟನೊಮೈಸಿಸ್ ಯೀಸ್ಟು ಹೊಕ್ಕಿತ್ತು. ಟ್ಯಾಂಕ್ ಪೂರ್ತಿ ಹೋಯಿತು, ಆಮೇಲೆ ನನ್ನ ಕೆಲಸವೂ.

ಇನ್ನು ಬೋರ್ಡೋ ಮಾತು. ಅಲ್ಲಿ ಕೊಯ್ಲು ಸೆಪ್ಟೆಂಬರ್–ಅಕ್ಟೋಬರ್. ಪೀಪಾಯಿಯಿಂದ ತೆಗೆದು ವಿಮರ್ಶಕರಿಗೆ ರುಚಿ ತೋರಿಸೋದು ಮುಂದಿನ ಏಪ್ರಿಲ್‌ಗೆ, ಮ್ಯಾಲೋಲ್ಯಾಕ್ಟಿಕ್ ಸಾಮಾನ್ಯವಾಗಿ ಮುಗಿದ ಮೇಲೆ. ನಮ್ಮ ಕೊಯ್ಲು ಫೆಬ್ರವರಿ–ಮಾರ್ಚ್. ನಮ್ಮ ಏಪ್ರಿಲ್ ಅಂದರೆ ಅವರ ನವೆಂಬರ್. ನವೆಂಬರ್‌ನಲ್ಲಿ ಅವರೂ ತೀರ್ಪು ಕೊಡೋದಿಲ್ಲ ನೋಡ್ರಿ.

ಮೊದಲು ವೈನಿನ ಆಮ್ಲಗಳನ್ನು ಬೇರೆ ಬೇರೆ ಮಾಡಿ ತೋರಿಸೋ ಕ್ರೊಮಟಾಗ್ರಫಿ ಕಾಗದ ತರಿಸ್ರಿ, ದೊಡ್ಡ ಖರ್ಚಿನದಲ್ಲ. ಒಣಗಿದ ನೀಲಿ-ಹಸಿರು ಹಾಳೆಯ ಮೇಲೆ ಹಳದಿ ಕಲೆ ಮೂಡುತ್ತವೆ: ಕೆಳಗೆ ಟಾರ್ಟಾರಿಕ್, ನಡುವೆ ಮ್ಯಾಲಿಕ್, ಮೇಲೆ ಲ್ಯಾಕ್ಟಿಕ್. ನಡುವಿನದು ಮಾಯವಾಗೋ ತನಕ ಹುಳಿಯ ಬಗ್ಗೆ ನಿಮ್ಮ ನಾಲಿಗೆ ಹೇಳೋದನ್ನು ನಂಬಬೇಡ್ರಿ. ಟ್ಯಾಂಕಿನಿಂದ ಆಗಷ್ಟೇ ತೆಗೆದ ವೈನಿನಲ್ಲಿ ಅನಿಲ ತುಂಬಿರುತ್ತದೆ, ಅದೂ ಹುಳಿಯನ್ನು ಚುರುಕು ಮಾಡಿ ತೋರಿಸುತ್ತದೆ, ಗ್ಲಾಸು ಚೆನ್ನಾಗಿ ಅಲ್ಲಾಡಿಸಿ ಬಿಡಿಸ್ರಿ. 16–18 ಡಿಗ್ರಿಯಲ್ಲಿ ನೋಡ್ರಿ. ರೂಮ್ ಟೆಂಪರೇಚರ್ ಅಂತ ಪುಸ್ತಕದಲ್ಲಿ ಬರೆದದ್ದು ಏಪ್ರಿಲ್ ತಿಂಗಳ ಕೊಪ್ಪಳದ ರೂಮಿಗಲ್ಲ. ಮಂಡಕ್ಕಿ-ಮಿರ್ಚಿ ತಿಂದು ಬಂದು ರುಚಿ ನೋಡೋ ಅಭ್ಯಾಸ ಇದ್ದರೆ ಬಿಡ್ರಿ, ಖಾರದ ಮೇಲೆ ಒಗರು ದುಪ್ಪಟ್ಟಾಗಿ ಕಾಣುತ್ತದೆ.

ಯಾವುದು ಮಾಗುತ್ತದೆ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಇಂಥ ವರ್ಷದ ವೈನ್ ಇಟ್ಟಷ್ಟೂ ಹಣ್ಣಿನ ರುಚಿ ಮೊದಲು ಹೋಗಿ ಹಸಿ ಒಗರು ಉಳಿಯುತ್ತದೆ. 2013ರಲ್ಲಿ ಬೋರ್ಡೋದಲ್ಲೂ ಹೂವು ಉದುರಿ, ಕೊಯ್ಲಿಗೆ ಮಳೆ ಬಂದು, ಕೊಳೆ ಹಿಡಿದಿತ್ತು. ಅಲ್ಲೂ ಬಚಾವಾದದ್ದು ಹಗುರವಾಗಿ ಮಾಡಿ ಬೇಗ ಕುಡಿಯಲು ಬಿಟ್ಟವು. ಕೇಳಬೇಕಾದ್ದು ಯಾವ ಟ್ಯಾಂಕು ಸ್ವಚ್ಛ ಇದೆ ಅಂತ. ಮೂರರಿಂದಲೂ ಅರ್ಧ ಗ್ಲಾಸು ತೆಗೆದು ಮುಚ್ಚದೆ ರಾತ್ರಿಯಿಡೀ ಬಿಡ್ರಿ. ಬೆಳಿಗ್ಗೆ ಯಾವುದು ಕಂದು ತಿರುಗಿ ಮಬ್ಬಾಗಿದೆಯೋ ಅದರಲ್ಲಿ ಬೂಷ್ಟಿನ ಲ್ಯಾಕೇಸ್ ಕಿಣ್ವ ಇನ್ನೂ ಜೀವಂತ, ಗಂಧಕಕ್ಕೂ ಅದು ಸುಲಭಕ್ಕೆ ಬಗ್ಗೋದಿಲ್ಲ. ಅದನ್ನು ಮಿಕ್ಕವಕ್ಕೆ ಸೇರಿಸಲೇಬೇಡ್ರಿ, ಪೈಪು ಕೂಡ ಬೇರೆ ಇರಲಿ. ಕ್ಯಾಪ್ಸಿಕಂ ವಾಸನೆಯ ಟ್ಯಾಂಕಿಗೆ ಹೊಸ ಓಕ್ ಪೀಪಾಯಿ ತಂದು ದುಡ್ಡು ಕಳಕೋಬೇಡ್ರಿ, ಆ ವಾಸನೆ ಕಾದರೆ ಹೋಗುವಂಥದ್ದಲ್ಲ. ಶಿರಾಜ್ ದ್ರಾಕ್ಷಿಯ ವೈನ್ ಇದ್ದರೆ ಒಂದಿಷ್ಟು ಬೆರೆಸಿ ದೀಪಾವಳಿಯೊಳಗೆ ಮಾರಿಬಿಡ್ರಿ.