ಕೈಕಸುಬು – ಪ್ರಶ್ನೋತ್ತರ: ಚೂರಿಯ ಹಿತ್ತಾಳೆಗೆ ಕಪ್ಪು ಬಣ್ಣ

ಪ್ರಶ್ನೆ: ಮನೆಯಲ್ಲೇ ಮಾಡಿದ ಚೂರಿಗೆ ಹಿತ್ತಾಳೆಯ ಗಾರ್ಡ್ (ಅಲಗಿಗೂ ಹಿಡಿಗೂ ನಡುವಿನ ಅಡ್ಡಪಟ್ಟಿ) ಹಾಕಿ, ಹಿಡಿಗೆ ಎರಡು ಪಿನ್ ಬಡಿದು ಕೂರಿಸಿದ್ದೇನೆ. ಹಳೆಯ ಕಳೆ ಬರಲೆಂದು ಡಬ್ಬಿಯಲ್ಲಿ ಅಮೋನಿಯಾ ಹಬೆಗೆ ಒಂದು ರಾತ್ರಿ ಇಟ್ಟೆ. ಬಣ್ಣವೇನೋ ಬಂತು, ಆದರೆ ಪಿನ್ನಿನ ತಲೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತಿದೆ. ಲಿವರ್ ಆಫ್ ಸಲ್ಫರ್ (ಲೋಹ ಕಪ್ಪಾಗಿಸುವ ಗಂಧಕದ ರಾಸಾಯನಿಕ) ಹಚ್ಚಿದರೆ ಬಣ್ಣವೇ ಹಿಡಿಯುವುದಿಲ್ಲ. ಏನು ಮಾಡಲಿ?

ಉತ್ತರ: ಬಿರುಕಿಗೆ ಕಾರಣ ಅಮೋನಿಯಾ ಒಂದೇ ಅಲ್ಲ, ನಿಮ್ಮ ಸುತ್ತಿಗೆಯೂ ಹೌದು. ತಣ್ಣಗಿರುವಾಗ ಬಡಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ. ತೇವದ ಜೊತೆ ಅಮೋನಿಯಾ ಸೇರಿದರೆ ಅದು ಅಲ್ಲೇ ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲಕ್ಕೆ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಸೈನ್ಯದ ತೋಟಾಗಳ ಹಿತ್ತಾಳೆ ಕವಚ ಬಿರಿಯುತ್ತಿದ್ದುದೂ ಹೀಗೆಯೇ. ಲಾಯದ ಗಂಜಲದ ಅಮೋನಿಯಾವೇ ಅದರ ಕಾರಣವೆಂದು 1921ರಲ್ಲಿ ಖಚಿತವಾಯಿತು. ಬಿರಿದ ಪಿನ್ ತೆಗೆದು ಹೊಸದು ಹಾಕಿ. ಬಡಿದು ಕೂರಿಸಿದ ಪಿನ್ನನ್ನು ಇನ್ನೆಂದೂ ಅಮೋನಿಯಾ ಡಬ್ಬಿಗೆ ಹಾಕಬೇಡಿ.

ಇನ್ನು ಲಿವರ್ ಆಫ್ ಸಲ್ಫರ್. ಅದು ಚೆನ್ನಾಗಿ ಹಿಡಿಯುವುದು ತಾಮ್ರವನ್ನು, ಸತು ಬೆರೆತ ಹಿತ್ತಾಳೆಯನ್ನಲ್ಲ. ಹಾಗಾಗಿ ಮೊದಲು ಮೇಲೊಂದು ತಾಮ್ರದ ಪೊರೆ ಬರಿಸಬೇಕು. ಅದಕ್ಕೆ ಬೇಕಾದ ಮೈಲುತುತ್ತ (ಕಾಪರ್ ಸಲ್ಫೇಟ್) ಅಡಿಕೆ ತೋಟದವರ ಮನೆಯಲ್ಲಿ ಹೇಗೂ ಇರುತ್ತದೆ.

ಗಾರ್ಡನ್ನು ಹಿಡಿಗೆ ಕೂರಿಸುವ ಮೊದಲೇ ಈ ಕೆಲಸ ಮುಗಿಸಿ. 400, ನಂತರ 600 ನಂಬರಿನ ಮರಳುಕಾಗದದಿಂದ ಉಜ್ಜಿ. ಕನ್ನಡಿಯ ಹೊಳಪು ಬೇಡ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಪಾತ್ರೆ ಸೋಪಿನಲ್ಲಿ ತೊಳೆದು, ಅಸಿಟೋನಿನಲ್ಲಿ ಒರೆಸಿ, ಆಮೇಲೆ ಕೈಗವಸು ಹಾಕಿಯೇ ಮುಟ್ಟಿ. ಬರಿಗೈ ಸೋಕಿದರೆ ಆ ಬೆರಳಚ್ಚು ಕಪ್ಪಿನ ನಡುವೆ ಹಳದಿಯಾಗಿ ಕಾಣುತ್ತದೆ.

ಗಾಜಿನ ಲೋಟದಲ್ಲಿ 200 ಮಿ.ಲೀ. ನೀರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ. ಇನ್ನೂ ತುಕ್ಕು ಹಿಡಿದಿರದ ಕಬ್ಬಿಣದ ಬೈಂಡಿಂಗ್ ವೈರನ್ನು ಗಾರ್ಡಿಗೆ ಸಡಿಲವಾಗಿ ಸುತ್ತಿ ಮುಳುಗಿಸಿ. ಕಬ್ಬಿಣ ಕರಗುತ್ತಾ ಹೋದಂತೆ ತಾಮ್ರ ಹಿತ್ತಾಳೆಯ ಮೇಲೆ ಕೂರುತ್ತದೆ. ಕಬ್ಬಿಣ ತಾಗದಿದ್ದರೆ ಈ ಕೆಲಸ ನಡೆಯುವುದಿಲ್ಲ. ನಡುವೆ ವೈರನ್ನು ಒಮ್ಮೆ ಸರಿಸಿ, ಇಲ್ಲವಾದರೆ ಅದರ ಗೆರೆ ಉಳಿಯುತ್ತದೆ. ಎಲ್ಲ ಕಡೆ ಗುಲಾಬಿ ಬಣ್ಣ ಬಂದ ಮೇಲೆ ತೆಗೆದು ಧಾರಾಳ ನೀರಿನಲ್ಲಿ ತೊಳೆಯಿರಿ. ಆಮ್ಲ ಉಳಿದುಕೊಂಡು ಸಲ್ಫರ್ ದ್ರಾವಣಕ್ಕೆ ಬಿದ್ದರೆ ಕೊಳೆತ ಮೊಟ್ಟೆ ವಾಸನೆಯ ವಿಷಾನಿಲ ಏಳುತ್ತದೆ. ಕೆಲಸ ಅಂಗಳದಲ್ಲೇ ಆಗಲಿ.

ಒಂದು ಲೀಟರ್ ಬಿಸಿನೀರಿಗೆ 5 ಗ್ರಾಂ ಲಿವರ್ ಆಫ್ ಸಲ್ಫರ್ ಸಾಕು. ಹತ್ತು ಸೆಕೆಂಡು ಅದ್ದಿ, ತೊಳೆದು, ನೋಡಿ, ಮತ್ತೆ ಅದ್ದಿ. ಗಾಢ ಕಂದು ಬಂದಾಗಲೇ ನಿಲ್ಲಿಸಿ. ಇನ್ನೂ ಕಪ್ಪಾಗಲಿ ಎಂದು ಬಿಟ್ಟರೆ ಪದರ ದಪ್ಪವಾಗಿ ಸಿಪ್ಪೆಯಂತೆ ಏಳುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಜೇನುಮೇಣ ತಿಕ್ಕಿ. ಕೆತ್ತನೆ ಇದ್ದರೆ ಮೇಣಕ್ಕೆ ಮೊದಲು ಉಬ್ಬಿದ ಭಾಗವನ್ನಷ್ಟೇ ನುಣುಪು ಸ್ಟೀಲ್ ವುಲ್‌ನಿಂದ ಹಗುರವಾಗಿ ಸವರಿ, ಕಪ್ಪು ಗೆರೆಗಳಲ್ಲಿ ಉಳಿಯುತ್ತದೆ.

ಹಿಡಿಯಲ್ಲಿ ಕೂತಿರುವ ಪಿನ್ನಿಗೆ ಮೈಲುತುತ್ತದ ನೀರಿನಲ್ಲಿ ನೆನೆಸಿದ ಸ್ಟೀಲ್ ವುಲ್‌ನಿಂದಲೇ ಉಜ್ಜಿದರೆ ತಾಮ್ರ ಹತ್ತುತ್ತದೆ. ಸುತ್ತಲಿನ ಮರಕ್ಕೂ ಅಲಗಿಗೂ ಮೊದಲೇ ನೇಲ್ ಪಾಲಿಶ್ ಬಳಿಯಿರಿ. ಉಳಿದ ನೀರನ್ನು ಕೆರೆ, ಬಾವಿಯ ಕಡೆ ಚೆಲ್ಲಬೇಡಿ, ಮೀನು ಸಾಯುತ್ತವೆ.

ಪ್ರಶ್ನೆ: ಡಮಾಸ್ಕಸ್ (ಪದರ ಪದರವಾಗಿ ಬೆಸೆದ ಉಕ್ಕಿನ) ಅಲಗಿನ ಚಿತ್ತಾರ ಎದ್ದು ಕಾಣಲೆಂದು ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದಾಗ ಅದರ ಮೇಲೆ ಕೆಂಪು ಮಚ್ಚೆ ಬಂತು. ತುಕ್ಕೇ?

ಉತ್ತರ: ಅದೇ ದ್ರಾವಣದಲ್ಲಿ ಮೊದಲು ಹಿತ್ತಾಳೆ ಅದ್ದಿದ್ದರೆ ಅದು ತುಕ್ಕಲ್ಲ, ತಾಮ್ರ. ಹಿತ್ತಾಳೆಯಿಂದ ಕರಗಿದ್ದು ಉಕ್ಕಿನ ಮೇಲೆ ಕೂತಿದೆ. ಎರಡಕ್ಕೂ ಬೇರೆ ಬೇರೆ ಬಾಟಲಿ ಇಡಿ.

ಪ್ರಶ್ನೆ: ಅಡುಗೆಮನೆಯ ಚಾಕುವಿನ ಹಿತ್ತಾಳೆಯನ್ನೂ ಹೀಗೆ ಕಪ್ಪು ಮಾಡಬಹುದೇ?

ಉತ್ತರ: ಬೇಡ. ಆಹಾರಕ್ಕೆ ತಾಗುವ ಲೋಹಕ್ಕೆ ಈ ರಾಸಾಯನಿಕಗಳು ಸಲ್ಲ. ಹಾಗೆ ಮಾಡಿದರೂ ಹುಣಸೆಹಣ್ಣು ಹಾಕಿ ತಿಕ್ಕಿದ ದಿನವೇ ಹಿತ್ತಾಳೆ ಮತ್ತೆ ಹಳದಿ.