ಹಾರ್ಡ್ ಡಿಸ್ಕ್ (ಡಿ ಡ್ರೈವ್) ಆಗಾಗ ಮಾಯವಾಗುತ್ತದೆ, ಸಿಪಿಯು ಡಬ್ಬಕ್ಕೆ ತಟ್ಟಿದರೆ ವಾಪಸ್ ಬರುತ್ತದೆ. ಕೇಬಲ್‌ಗೆ ಫೆವಿಕ್ವಿಕ್ ಹಾಕಲೇ ಅಥವಾ ಹೊಸ ಡಿಸ್ಕ್ ಕೊಳ್ಳಲೇ?

ಎರಡೂ ಬೇಡ. ಸಿಪಿಯು ಡಬ್ಬಕ್ಕೆ ಪಕ್ಕದಿಂದ ತಟ್ಟಿದರೆ ಡಿ ಡ್ರೈವ್ ವಾಪಸ್ ಬರುತ್ತದೆ ಅಂದಿರಲ್ಲ, ಆ ತಟ್ಟಾಟವನ್ನು ನಾನೂ ಎರಡು ತಿಂಗಳು ಆಡಿದವನು.

ನನ್ನನ್ನು ಮುಳುಗಿಸಿದ್ದು ತಟ್ಟಿದ್ದಲ್ಲ. ಡ್ರೈವ್‌ನಲ್ಲಿ ದೋಷವಿದೆ ಅಂತ ವಿಂಡೋಸ್ ಹೇಳಿದ ಕೂಡಲೇ, ಡಬ್ಬ ಬಿಚ್ಚಿ ನೋಡದೆ, ಡಿಸ್ಕ್‌ನ ತಪ್ಪು ಹುಡುಕಿ ತಿದ್ದುವ ವಿಂಡೋಸ್‌ನದೇ ಚೆಕ್‌ಡಿಸ್ಕ್ ಓಡಿಸಿದ್ದು. ಡೇಟಾ ಕೇಬಲ್ ಸಡಿಲವಿದ್ದರೆ ಅಷ್ಟೇನೂ ಅಪಾಯವಿಲ್ಲ. ಹೋಗುವ ಪ್ರತಿ ಕಂತಿಗೂ ಸಿಆರ್‌ಸಿ ಎಂಬ ತಾಳೆ ಲೆಕ್ಕ ಇರುತ್ತದೆ, ತಪ್ಪಿದ್ದನ್ನು ಮತ್ತೆ ಕಳಿಸುತ್ತದೆ, ಹೆಚ್ಚಾಗಿ ಕಂಪ್ಯೂಟರ್ ನಿಧಾನವಾಗುತ್ತದೆ ಅಷ್ಟೆ. ಪವರ್ ಪ್ಲಗ್ ಸಡಿಲವಿದ್ದರೆ ಕತೆಯೇ ಬೇರೆ. 12 ವೋಲ್ಟ್ ಒಂದು ಕ್ಷಣ ತಪ್ಪಿದರೆ ಡಿಸ್ಕ್ ತಿರುಗುವುದನ್ನು ನಿಲ್ಲಿಸಿ ಮತ್ತೆ ಶುರುಮಾಡುತ್ತದೆ, ಆಗ ಬರೆಯುತ್ತಿದ್ದದ್ದು ಅರ್ಧಕ್ಕೆ ನಿಲ್ಲುತ್ತದೆ. ಚೆಕ್‌ಡಿಸ್ಕ್‌ಗೆ ಕೇಬಲ್ ಎಂಬುದು ಗೊತ್ತೇ ಇಲ್ಲ. ಓದಲು ಸಿಗದ್ದೆಲ್ಲ ಅದರ ಲೆಕ್ಕದಲ್ಲಿ ಕೆಟ್ಟದ್ದು, ಅದನ್ನು ಕಿತ್ತುಹಾಕುವುದೇ ರಿಪೇರಿ. ಏನೂ ಆಗದ ಡಿಸ್ಕ್‌ನಲ್ಲಿ ಕೊನೆಗೆ ನನಗೆ ಸಿಕ್ಕಿದ್ದು ಹೆಸರು, ತಾರೀಖು ಒಂದೂ ಇಲ್ಲದ ನೂರಾರು ಫೈಲುಗಳ ಒಂದು ಫೋಲ್ಡರ್. ಫೋಟೊಗಳು ಹೇಗೋ ತೆರೆದುಕೊಂಡವು, ವಿಡಿಯೊಗಳು ಹೋದವು.

ಆದ್ದರಿಂದ ಮೊದಲು ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಸಾಫ್ಟ್‌ವೇರ್ ಹಾಕಿ ಸಿ7 ಸಾಲು ನೋಡಿ, ಸಿಆರ್‌ಸಿ ಎರರ್ ಲೆಕ್ಕ ಅಲ್ಲಿರುತ್ತದೆ. ಅದೊಂದೇ ಏರಿದ್ದರೆ ಡೇಟಾ ಕೇಬಲ್ ಮೇಲೆ ಗುಮಾನಿ. 05 ಮತ್ತು ಸಿ5 ಸಾಲುಗಳು, ಅಂದರೆ ಡಿಸ್ಕ್‌ನಲ್ಲಿ ಕೆಟ್ಟ ಮತ್ತು ಕೆಟ್ಟಿರಬಹುದಾದ ಜಾಗಗಳ ಲೆಕ್ಕ, ಏರಿದ್ದರೆ ಡಿಸ್ಕೇ ಸವೆಯುತ್ತಿದೆ. (ಅಂಕಿಗಳು ಹೆಕ್ಸ್‌ನಲ್ಲಿ, ಅಂದರೆ 16ರ ಲೆಕ್ಕದಲ್ಲಿ ಕಾಣುತ್ತವೆ, 1ಎ ಅಂದರೆ 26. ಮೆನುವಿನಲ್ಲಿ ದಶಮಾನಕ್ಕೆ ಬದಲಿಸಿಕೊಳ್ಳಿ.) ಪವರ್ ಪ್ಲಗ್ ಸಡಿಲವಿದ್ದರೆ ಸಿ7 ಸೊನ್ನೆಯೇ ಇರಬಹುದು, ಅದನ್ನು ನೋಡಿ ನಿಶ್ಚಿಂತರಾಗಬೇಡಿ.

ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪವರ್ ಬಟನ್ ಐದು ಸೆಕೆಂಡ್ ಒತ್ತಿಹಿಡಿದು ಉಳಿದ ಕರೆಂಟ್ ಇಳಿಸಿ. ಎರಡೂ ಬದಿಯ ಬಾಗಿಲು ತೆಗೆಯಿರಿ. ಡಿಸ್ಕ್‌ನ ಹಿಂದೆ ಕಿರಿದಾದದ್ದು 7 ಪಿನ್ನಿನ ಡೇಟಾ ಪ್ಲಗ್, ಅಗಲದ್ದು 15 ಪಿನ್ನಿನ ಪವರ್. ಕ್ಲಿಪ್ ಇದ್ದರೆ ಒತ್ತಿ, ವೈರನ್ನಲ್ಲ ಪ್ಲಗ್ಗಿನ ತಲೆಯನ್ನು ಹಿಡಿದು ನೇರಕ್ಕೆ ಎಳೆಯಿರಿ. ಮೇಲೆ ಕೆಳಗೆ ಅಲ್ಲಾಡಿಸಿದರೆ ಡಿಸ್ಕ್‌ನಲ್ಲಿರುವ ಎಲ್ ಆಕಾರದ ಕಪ್ಪು ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ, ಆಮೇಲೆ ಪಿನ್ನುಗಳಿಗೆ ಆಸರೆಯೇ ಇರುವುದಿಲ್ಲ.

ತಟ್ಟಿದರೆ ಯಾಕೆ ಸರಿಹೋಗುತ್ತದೆ ಅನ್ನುವುದಕ್ಕೆ ಉತ್ತರ ಹೆಚ್ಚಾಗಿ ಆ ಬಾಗಿಲಲ್ಲೇ ಇರುತ್ತದೆ. ಡಿಸ್ಕ್ ಅಡ್ಡಡ್ಡ, ಪ್ಲಗ್ಗುಗಳು ಬಾಗಿಲ ಕಡೆ ಬರುವಂತೆ ಕೂತ ಕ್ಯಾಬಿನೆಟ್‌ನಲ್ಲಿ ನೇರ ಪ್ಲಗ್ ಹಾಕಿದ್ದರೆ ಬಾಗಿಲಿನ ತಗಡು ವೈರನ್ನು ಒತ್ತಿ ಪ್ಲಗ್ಗನ್ನು ಓರೆ ಮಾಡುತ್ತದೆ. ನನ್ನದರಲ್ಲಿ ತಗಡಿನ ಒಳಮೈ ಮೇಲೆ ವೈರು ಉಜ್ಜಿದ ಕಪ್ಪು ಗೀರೇ ಮೂಡಿತ್ತು. ಅಲ್ಲಿಗೆ ಮಡಚಿದ ತಲೆಯ, ಅಂದರೆ 90 ಡಿಗ್ರಿ ಪ್ಲಗ್ ಬೇಕು. ಇನ್ನೊಂದು, ಎಸ್‌ಎಂಪಿಎಸ್‌ನ (ಕಂಪ್ಯೂಟರ್ ಒಳಗೆ ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬದ) ಒಂದೇ ವೈರಿನಲ್ಲಿರುವ ಎರಡು ಮೂರು ಪ್ಲಗ್‌ಗಳ ನಡುವಿನ ಅಂತರ ಸಾಲದೆ ಬಿಗಿಯಾಗಿ ಎಳೆದಿದ್ದರೂ ಇದೇ ಗತಿ. ಡಿಸ್ಕನ್ನು ಪಕ್ಕದ ಗೂಡಿಗೆ ಸರಿಸಿ.

ಡೇಟಾ ಕೇಬಲ್ಲನ್ನು ಸಿಕ್ಕಿಸಿ ನೋಡುತ್ತ ಕೂರಬೇಡಿ, ಹೊಸದು ಹಾಕಿ. ಒಳಗಿನ ಸಾಟಾ ಪ್ಲಗ್ (ಈ ಬಗೆಯ ಡಿಸ್ಕ್ ಪ್ಲಗ್ಗಿನ ಹೆಸರು) ಮಾಡಿರುವುದೇ 50 ಸಲ ಹಾಕಿ ತೆಗೆಯುವ ಲೆಕ್ಕಕ್ಕೆ. ಅರ್ಧ ಮೀಟರ್ ಸಾಕು, ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಂಪ್ಯೂಟರ್ ಸಾಮಾನಿನ ಪೇಟೆಯಲ್ಲಿ ಊಟದ ದುಡ್ಡಿಗೆ ಸಿಗುತ್ತದೆ. ಉಕ್ಕಿನ ಕ್ಲಿಪ್ ಇರುವುದನ್ನೇ ಕೇಳಿ. ಆದರೆ ಕೆಲವು ಡಿಸ್ಕ್‌ಗಳಲ್ಲಿ ಕ್ಲಿಪ್ ಕಚ್ಚುವ ಜಾಗವೇ ಇರುವುದಿಲ್ಲ, ಅವಕ್ಕೆ ಕ್ಲಿಪ್ಪಿಲ್ಲದ್ದೇ ಬಿಗಿ. ಫೆವಿಕ್ವಿಕ್ ನೀರಿನ ಹಾಗೆ ಪಿನ್ನುಗಳ ನಡುವೆ ಇಳಿದು ಒಣಗುತ್ತದೆ, ಅಲ್ಲಿಗೆ ಡಿಸ್ಕ್ ಮುಗಿಯಿತು.

ಪವರ್ ಪ್ಲಗ್ಗೇ ಸಡಿಲವಿದ್ದರೆ ಎಸ್‌ಎಂಪಿಎಸ್‌ನ ಇನ್ನೊಂದು ಪ್ಲಗ್ ಹಾಕಿ. ಹಳೆಯ ನಾಲ್ಕು ಪಿನ್ನಿನ ಪ್ಲಗ್ಗಿನಿಂದ ಸಾಟಾಗೆ ಬದಲಿಸುವ ಅಡಾಪ್ಟರ್‌ಗಳಲ್ಲಿ ಇಡೀ ತಲೆ ಪ್ಲಾಸ್ಟಿಕ್ ಎರಕವಾಗಿರುವ ಅಗ್ಗದವು ಒಳಗೇ ಶಾರ್ಟ್ ಆಗಿ ಸುಡುತ್ತವೆ, ಮುಟ್ಟಬೇಡಿ. ಬೇರೆ ಎಸ್‌ಎಂಪಿಎಸ್‌ನ ಬಿಡಿ ವೈರನ್ನೂ ತಂದು ಹಾಕಬೇಡಿ. ತೂತಿಗೆ ಕೂರುತ್ತದೆ, ಆದರೆ ಪಿನ್ನಿನ ಕ್ರಮ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋದರೆ ಡಿಸ್ಕ್‌ನ ಬೋರ್ಡ್ ಸುಟ್ಟುಹೋಗುತ್ತದೆ.

ಎಲ್ಲ ಜೋಡಿಸಿದ ಮೇಲೆ ಸಿ7 ಅಂಕಿಯನ್ನು ಬರೆದಿಟ್ಟುಕೊಳ್ಳಿ. ಅದು ಎಂದೂ ಇಳಿಯುವುದಿಲ್ಲ, ಏರದಿದ್ದರೆ ಸಾಕು. ಮುಖ್ಯವಾದ ಫೈಲುಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ, ಅದೇ ಪರೀಕ್ಷೆಯೂ ಆಯಿತು. ಅಂಕಿ ಏರಿದರೆ ಮದರ್‌ಬೋರ್ಡ್‌ನಲ್ಲಿ ಬೇರೆ ಪೋರ್ಟ್‌ಗೆ ಹಾಕಿ. ಕಾಪಿ ಮುಗಿಯುವ ತನಕ ಚೆಕ್‌ಡಿಸ್ಕ್ ಓಡಿಸಬೇಡಿ, ವಿಂಡೋಸ್ ಎಷ್ಟೇ ಕೇಳಲಿ.